ಅಡ್ಡ ತಲೆಯಾಡಿಸುವ ಮುದುಕಿ

ಬಸ್ ಓಡಿಸುವ ಕೆಲಸಕ್ಕೆ ಅರ್ಜಿ ತಂದಿದ್ದ ಕಸ್ತೂರಿಯನ್ನು ಗುಮಾಸ್ತ ಪಾಟೀಲ ಎಂದಿನಂತೆ ಕನ್ನಡಿಯ ಮುಂದೆ ನಿಲ್ಲಿಸಿದ. ಅರ್ಜಿ ಯಾವುದೇ ಇರಲಿ, ಅರ್ಜಿದಾರರ ಎಪ್ಪತ್ತನೆಯ ವಯಸ್ಸಿನ ರೂಪ ಕನ್ನಡಿಯಲ್ಲಿ ಬಂದು ಹೂಂ ಎಂದು ತಲೆ ಬಗ್ಗಿಸದೆ ಗದಗಿನಲ್ಲಿ ಒಪ್ಪಿಗೆಯ ಶಿಕ್ಕಾ ಬೀಳುತ್ತಿರಲಿಲ್ಲ.

ಮುದುಕಿ ಕಸ್ತೂರಿ ಬಂದವಳೇ ಅಡ್ಡಡ್ಡ ತಲೆಯಾಡಿಸಿದಳು. ಕಸ್ತೂರಿ ನರ್ಸಿಂಗ್ ಓದಲು ಹೊರಟಾಗ, ಫಕೀರಪ್ಪನನ್ನು ಮದುವೆಯಾಗುತ್ತೇನೆಂದಾಗ, ಖಾನಾವಳಿ ತೆರೆಯುತ್ತೇನೆಂದಾಗಲೂ ಹೀಗೇ ಆಡಿಸಿದ್ದಳು.

“ಬ್ಯಾಡ ಅನ್ನಾಕತ್ತಾರ ತಂಗಿ. ನಿನ್ನ ಒಳ್ಳೇದಕ್ಕ,” ಎಂದು ಪಾಟೀಲ ಅರ್ಜಿ ಮಡಚಿದ.

ಕಸ್ತೂರಿಗೆ ಪಿತ್ತ ನೆತ್ತಿಗೇರಿತು. ಕನ್ನಡಿಯತ್ತ ತಿರುಗಿದಳು.

“ಏನಬೇ ಮುದುಕಿ, ಎಲ್ಲಾಕ್ಕೂ ಬ್ಯಾಡ ಅಂತೀಯಲ್ಲ, ಇದರಾಗ ಒಂದರೆ ನೀ ಮಾಡಿ ನೋಡೀಯೇನು? ನಿನ್ನ ಮಾತು ಕೇಳಿ ನಾ ಮನ್ಯಾಗ ಕುಂತೆ. ನಾ ಕುಂತಿದ್ದಕ್ಕ ನೀನೂ ಕುಂತೀ. ಮನ್ಯಾಗ ಕುಂತಾಕಿಗೆ ಬಸ್ಸಿನ ಸುದ್ದಿ ಏನು ಗೊತ್ತು?”

ಮುದುಕಿ ನಾಚಿಕೆಯಿಂದ ಮೆಲ್ಲಗೆ ತಲೆ ತಗ್ಗಿಸಿದಳು.

ಕಸ್ತೂರಿ ಅರ್ಜಿಯನ್ನು ಕಸಿದು, ಬಿಡಿಸಿ, ಪಾಟೀಲನ ಮುಂದೆ ಕುಕ್ಕಿದಳು.

“ತಲಿ ಬಗ್ಗಿಸ್ಯಾಳ, ನೋಡ್ರಿ. ಶಿಕ್ಕಾ ಹೊಡೀರಿ.”