ಜಂಟಿ ಅರ್ಜಿ

ರುದ್ರಪ್ಪ ಆಟೋದ ಸೀಟಿನಿಂದ ಜಾರಿ ಕೆಳಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಐವತ್ತರ ಹತ್ತಿರದ ಬ್ಯಾಂಕ್ ಮ್ಯಾನೇಜರ್, ಇಸ್ತ್ರಿ ಮಾಡಿದ ಪ್ಯಾಂಟು, ಮುಖಕ್ಕೆ ಮಾಸ್ಕು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.

"ಎಂತಾ ಸಾರೇ?" ಆಟೋದವ ಗಾಬರಿಯಿಂದ ತಿರುಗಿ ನೋಡಿದ.

"ಏನಿಲ್ಲ, ಪೋ ಪೋ!" ಎಂದ ರುದ್ರಪ್ಪ, ತನಗೆ ಬರುವ ಮಲಯಾಳವನ್ನೆಲ್ಲ ಒಟ್ಟುಗೂಡಿಸಿ.

ಹೋಗುವುದೆಲ್ಲಿಗೆ? ಪಳವಂಗಾಡಿ ಗಣಪತಿ ಗುಡಿಯ ಮುಂದೆ ವಾಹನಗಳು ಜಾಮ್ ಆಗಿದ್ದವು. ಹತ್ತು ಮಾರು ದೂರದಲ್ಲಿ ಅವನ ಹೆಂಡತಿ ಸುಮಿತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದಾದ ಮೇಲೊಂದು ತೆಂಗಿನಕಾಯಿ ಎತ್ತಿ ಕಲ್ಲಿಗೆ ಬಡಿಯುತ್ತಿದ್ದಳು. ಬುಧವಾರ, ಬೆಳಗಿನ ಹತ್ತು ಗಂಟೆ. ಅವಳು ತನ್ನ ಬ್ರಾಂಚಿನಲ್ಲಿರಬೇಕಾದ ಹೊತ್ತು. ಅವನಂತೂ ಈ ತಿರುವನಂತಪುರದಲ್ಲೇ ಇರಬಾರದು, ಕೊಚ್ಚಿಯಲ್ಲಿರಬೇಕು. ಕಣ್ಣಿಗೆ ಬಿದ್ದರೆ ಮುಂದಿನ ಕಾಯಿ ಎತ್ತ ಬರುತ್ತಿತ್ತೋ ದೇವರೇ ಬಲ್ಲ.

ಹರಕೆಯ ವಿಷಯ ಅವಳೇ ಹೋದ ತಿಂಗಳು ಫೋನಿನಲ್ಲಿ ಹೇಳಿದ್ದಳು. "ಈ ಸಲದ ಅರ್ಜಿ ನಾ ಅನಕೊಂಡಂಗ ಆತಂದ್ರ ಗಣಪಗ ನೂರಾ ಒಂದು ಕಾಯಿ ಒಡಿತೀನ್ರಿ."

"ಆಗ್ತದ ಬಿಡು," ಎಂದಿದ್ದ ರುದ್ರಪ್ಪ, ಸತ್ತ ದನಿಯಲ್ಲಿ.

"ಆಗಬೇಕ್ರಿ," ಎಂದು ಅವಳು ಮೂಗೆಳೆದಿದ್ದಳು.

ಆದೇಶ ಇನ್ನೂ ಬಂದಿಲ್ಲ, ಆಗಲೇ ಕಾಯಿ ಒಡೆಯುತ್ತಿದ್ದಾಳೆ. ಅಬ್ಬಾ, ಎಂಥ ನಂಬಿಕೆ! ರುದ್ರಪ್ಪ ಇನ್ನಷ್ಟು ಕೆಳಗೆ ಕುಗ್ಗಿದ. ಏಕೆಂದರೆ ಆ ಅರ್ಜಿಯ ಕತ್ತು ಹಿಚುಕಲೆಂದೇ ಅವನು ರಜೆ ಹಾಕಿ, ಕದ್ದು, ನಸುಕಿನ ರೈಲು ಹತ್ತಿ ಬಂದಿದ್ದ.

ಗಂಡ ಹೆಂಡತಿ ಇಬ್ಬರೂ ಒಂದೇ ಬ್ಯಾಂಕಿನವರು. ಆರು ವರ್ಷದ ಹಿಂದೆ ಇಬ್ಬರಿಗೂ ಧಾರವಾಡದಿಂದ ಕೇರಳಕ್ಕೆ ವರ್ಗವಾಯಿತು. ಅವನಿಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್, ಅವಳಿಗೆ ತಿರುವನಂತಪುರ. ದಂಪತಿಯನ್ನು ಒಂದೇ ಊರಿಗೆ ಹಾಕಿ ಎಂದು ವರ್ಷಕ್ಕೊಂದು ಜಂಟಿ ಅರ್ಜಿ ಕೊಡಬಹುದು. ಕೊಡದಿದ್ದರೆ ನೆಂಟರು ಏನೆಂದಾರು? ಕೊಡುತ್ತ ಬಂದರು. ಐದು ಸಲವೂ ಅರ್ಜಿ ಬಿದ್ದುಹೋಯಿತು. ಝೋನಲ್ ಆಫೀಸು ಅವಳ ಊರಿನಲ್ಲೇ ಇದ್ದದ್ದರಿಂದ ವಿಚಾರಿಸಿಕೊಂಡು ಬಂದು ಅಳುತ್ತ ತಿಳಿಸುವ ಕೆಲಸ ಸುಮಿತ್ರಳದು, ಸಮಾಧಾನ ಹೇಳುವ ಕೆಲಸ ಅವನದು. ಆಮೇಲೆ ಇಬ್ಬರೂ ಸೇರಿ ಬ್ಯಾಂಕಿಗೆ ಹಿಡಿಶಾಪ ಹಾಕುತ್ತಿದ್ದರು.

ಈ ಸಲ ಖಂಡಿತ ಒಂದೇ ಊರಿಗೆ ಹಾಕುತ್ತಾರೆ ಎಂದು ಯೂನಿಯನ್ನಿನ ನಟರಾಜ ಇಬ್ಬರಿಗೂ ಫೋನು ಮಾಡಿ ಹೇಳಿದ. ಸುಮಿತ್ರ ಹರಕೆ ಹೊತ್ತದ್ದು ಅಂದೇ. ರುದ್ರಪ್ಪನಿಗೆ ಊಟ ಸೇರದೆ ಹೋದದ್ದೂ ಅಂದೇ.

ಹಾಗೆಂದು ಹೆಂಡತಿ ಬೇಡವಾಗಿದ್ದಳೆಂದು ತಿಳಿಯಬೇಡಿ. ಬೇಕಾಗಿದ್ದಳು, ಅದೇ ಫಜೀತಿ. ಧಾರವಾಡದಲ್ಲಿ ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದಾಗ ಅವರು ಫ್ಯಾನಿನ ಸ್ಪೀಡಿಗೆ ಜಗಳವಾಡಿದ್ದರು, ಒದ್ದೆ ಟವೆಲಿಗೆ ಜಗಳವಾಡಿದ್ದರು, ಜಗಳವಿಲ್ಲದ ದಿನ ಮಾತೇ ಆಡಿರಲಿಲ್ಲ. ಈಗ ನೋಡಿ. ಪ್ರತಿ ಶನಿವಾರ ಸಂಜೆ ಅವನು ರೈಲಿಳಿದರೆ ಅವಳು ಮಲ್ಲಿಗೆ ಮುಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾಳೆ. ಶಂಖುಮುಖಂ ಕಡಲತಡಿಯ ಮರಳಿನ ಮೇಲೆ, ಈ ವಯಸ್ಸಿನಲ್ಲಿ, ಕೈ ಹಿಡಿದು ನಡೆಯುತ್ತಾರೆ. ಉಳಿದ ದಿನ ಕೊಚ್ಚಿಯಲ್ಲಿ ಅವನು ಸಂಜೆಯ ಬೋಟು ಹತ್ತಿ ಫೋರ್ಟ್ ಕೊಚ್ಚಿಗೆ ಹೋಗುತ್ತಾನೆ, ಏನೂ ಮಾಡದೆ ಅದೇ ಬೋಟಿನಲ್ಲಿ ಮರಳುತ್ತಾನೆ. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಎಂದು ಕೇಳುವವರಿಲ್ಲ. ಬದುಕಿಗೊಂದು ಅರ್ಥ ಸಿಕ್ಕಿದೆ ಅನ್ನಿಸಿದ್ದೇ ಇಲ್ಲಿಗೆ ಬಂದ ಮೇಲೆ.

ಒಂದೇ ಮನೆಗೆ ಹೋದರೆ ಪ್ಲಾಟ್‌ಫಾರ್ಮಿನ ಸುಮಿತ್ರ ಹೋಗಿ ಫ್ಯಾನಿನ ಸುಮಿತ್ರ ಬರುತ್ತಾಳೆ. ಅದನ್ನು ಅವನು ತಾಳಲಾರ. ಆದರೆ ಹೇಳುವುದು ಹೇಗೆ? ನೂರಾ ಒಂದು ಕಾಯಿ ಒಡೆಯುವ ಹೆಂಗಸಿಗೆ?

ಆಟೋ ಅಂತೂ ಜರುಗಿತು.

ಝೋನಲ್ ಆಫೀಸಿನಲ್ಲಿ ವರ್ಗಾವಣೆ ನೋಡಿಕೊಳ್ಳುವವರು ಕಾಸರಗೋಡಿನ ವಿಶ್ವೇಶ್ವರ ಭಟ್ಟರು. ರುದ್ರಪ್ಪ ಕಾಗದವನ್ನು ಅವರ ಮುಂದೆ ತಳ್ಳಿದ. ಅನಿವಾರ್ಯ ಕಾರಣಗಳಿಂದ ನಮ್ಮ ಜಂಟಿ ಅರ್ಜಿಯನ್ನು ಹಿಂಪಡೆಯುತ್ತಿದ್ದೇವೆ ಎಂದು ಬರೆದಿತ್ತು. ಕೆಳಗೆ ಅವನ ಸಹಿ, ಪಕ್ಕದಲ್ಲಿ ಸುಮಿತ್ರಳ ಸಹಿ. ಹಿಂಪಡೆಯಲು ಇಬ್ಬರ ಸಹಿಯೂ ಬೇಕು, ಅದು ಬ್ಯಾಂಕಿನ ನಿಯಮ. ಸುಮಿತ್ರಳದನ್ನು ಅವನು ಮೂರು ದಿನ ಹಳೇ ಪೇಪರುಗಳ ಮೇಲೆ ತಿದ್ದಿ ತಿದ್ದಿ ಕಲಿತಿದ್ದ. ಇಪ್ಪತ್ತೈದು ವರ್ಷ ಊರವರ ಚೆಕ್ಕಿನ ಸಹಿ ಪರೀಕ್ಷಿಸಿದ ಮನುಷ್ಯ, ಆದರೂ ಕೊನೆಯ ಅಕ್ಷರ ಸೊಟ್ಟಗಾಗಿತ್ತು.

ಭಟ್ಟರು ಸಹಿ ನೋಡಿದರು. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು. ಎದ್ದು ಹೋಗಿ ಕಪಾಟಿನಿಂದ ದಪ್ಪ ಫೈಲು ತಂದರು. ಕೆಲಸ ಹೋಯಿತು, ಮಾನ ಹೋಯಿತು, ಸುಮಿತ್ರಳೂ ಹೋದಳು ಅಂದುಕೊಂಡ ರುದ್ರಪ್ಪ.

"ಎಂತ ಮಾರಾಯ್ರೆ," ಎಂದರು ಭಟ್ಟರು, ಬೇಸರದಿಂದ ಹಾಳೆ ಮಗುಚುತ್ತ. "ಒಂದೇ ಕಾಗದವನ್ನು ಎರಡೆರಡು ಸಲ ಯಾಕೆ ಕೊಡುವುದು? ಕಳೆದ ಶುಕ್ರವಾರವೇ ಮೇಡಂ ತಂದುಕೊಟ್ಟಿದ್ದಾರಲ್ಲ, ಪ್ರತಿ ವರ್ಷದ ಹಾಗೆ. ನಿನ್ನೆ ಅದು ಪಾಸೂ ಆಯ್ತು. ಮೇಡಂಗೆ ಫೋನು ಮಾಡಿ ಹೇಳಿದ್ದೂ ನಾನೇ."

ಅವರು ಫೈಲನ್ನು ಇವನತ್ತ ತಿರುಗಿಸಿದರು. ಆರು ವರ್ಷದ ಆರು ಹಿಂಪಡೆಯುವ ಪತ್ರಗಳು, ಆರರಲ್ಲೂ ರುದ್ರಪ್ಪನ ಸಹಿ, ರುದ್ರಪ್ಪ ಒಮ್ಮೆಯೂ ಹಾಕಿರದಷ್ಟು ಚೆಂದವಾಗಿ.