ಗಾಜಿನ ಕ್ಯಾಬಿನ್ನಿನ ಮಾತು

ಗಾಜಿನಾಚೆ ಮ್ಯಾನೇಜರ್ ಶಿವರಾಜ್ ಶಿವಮೊಗ್ಗದ ಹೆಡ್ ಆಫೀಸಿಗೆ ಫೋನಿನಲ್ಲಿ ಹೇಳುತ್ತಿದ್ದುದು ಶೇಷಪ್ಪನಿಗೆ ಕೇಳಿಸಲಿಲ್ಲ, ಆದರೆ ಕಂಡಿತು. ಭದ್ರಾವತಿಯ ಆ ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿಣ ಬಡಿಯುವ ಹ್ಯಾಮರ್ ಯಂತ್ರದ ಸದ್ದಿನ ನಡುವೆ ದುಡಿದವನು, ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ. "ಪರಮೇಶ್ ಕುಡಿದು ಬಂದಿದ್ದ ಅಂತ ಬರ್ಕೊಳ್ಳಿ. ಮಷಿನ್ ಸರಿಯಾಗೇ ಇತ್ತು," ಎನ್ನುತ್ತಿದ್ದ ಶಿವರಾಜ್.

ಹ್ಯಾಮರಿನಡಿ ಸಿಕ್ಕಿ ಪರಮೇಶನ ಬಲಗೈ ಹೋಗಿ ಮೂರು ದಿನವಾಗಿತ್ತು. ಅವನ ಹೆಂಡತಿ ಹುಲಿಗೆಮ್ಮ ಶೇಷಪ್ಪನ ಪಕ್ಕದಲ್ಲೇ ಕುಳಿತಿದ್ದಳು. "ಇನ್ಮೇಲೆ ಇಲ್ಲಿ ಮುಚ್ಚುಮರೆ ಇಲ್ಲ" ಎಂದು ಹೋದ ತಿಂಗಳಷ್ಟೇ ಈ ಹೊಸ ಗಾಜಿನ ಕ್ಯಾಬಿನ್ ತೋರಿಸಿ ಭಾಷಣ ಮಾಡಿದ್ದ ಶಿವರಾಜ್, ಈಗ ಅವಳತ್ತ ನೋಡಿ, ಐದು ನಿಮಿಷ ಎಂದು ಬೆರಳು ತೋರಿಸಿ ನಕ್ಕ.

ಶೇಷಪ್ಪನ ಮೈಯೆಲ್ಲ ಉರಿದುಹೋಯಿತು. "ಬಾರಮ್ಮ," ಎಂದವನೇ ಬಾಗಿಲು ತಳ್ಳಿ ಒಳನುಗ್ಗಿದ.

"ಫೋನಲ್ಲಿದೀನಿ, ಕಾಣಲ್ವಾ?" ಶಿವರಾಜ್ ಗದರಿದ.

"ಎಲ್ಲಾ ಕಾಣ್ತು ಸಾರ್. ಪರಮೇಶ್ ಕುಡಿದಿದ್ದ ಅಂದ್ರಲ್ಲ, ಅದನ್ನ ಇವಳ ಮುಂದೆ ಹೇಳಿ. ಹ್ಯಾಮರ್ ತಾನಾಗೇ ಬೀಳ್ತಿದೆ ಅಂತ ಮೂರು ಸಲ ನಿಮಗೆ ಬರೆದುಕೊಟ್ಟೋನು ನಾನು."

ಶಿವರಾಜನ ಕೈಯಲ್ಲಿದ್ದ ಫೋನು ಹಲೋ, ಹಲೋ ಎನ್ನುತ್ತಲೇ ಇತ್ತು. ಹುಲಿಗೆಮ್ಮ ಅದನ್ನು ಕಿತ್ತುಕೊಂಡಳು.

"ನಾನು ಪರಮೇಶನ ಹೆಂಡ್ತಿ," ಎಂದಳು. "ನಡೆದದ್ದು ನಾನು ಹೇಳ್ತೀನಿ, ಬರ್ಕೊಳ್ಳಿ."