ಮಿಶ್ರಿಯ ಪಂಚನಾಮೆ

ಭಂಕೂರಿನ ಭೀಮಬಾಯಿ ಹಂಚಿನ ಮೇಲೆ ತಂಬಾಕು ಕರ್ರಗೆ ಹುರಿಯುತ್ತಿದ್ದಾಗಲೇ ಔಷಧ ಇಲಾಖೆಯ ಇನ್‌ಸ್ಪೆಕ್ಟರ್ ಅಂಬರಾಯ ಪಂಚನಾಮೆಯ ಕಾಗದ ಹಿಡಿದು ಒಳಗೆ ಬಂದ. ಹುರಿದದ್ದನ್ನು ಕುಟ್ಟಿ ಪುಡಿ ಮಾಡಿದರೆ ಮಿಶ್ರಿ. ಓಣಿಯ ಹೆಂಗಸರೆಲ್ಲ ಬೆಳಗಾದರೆ ಅದರಲ್ಲೇ ಹಲ್ಲು ತಿಕ್ಕುವವರು. ತಿಕ್ಕದಿದ್ದರೆ ಅವರಿಗೆ ತಲೆಯೇ ಓಡದು. ಹಲ್ಲುಪುಡಿಯಲ್ಲಿ ತಂಬಾಕು ಇರಕೂಡದೆಂದು ದೆಹಲಿ ತೊಂಬತ್ತೆರಡರಲ್ಲೇ ಆದೇಶ ಹೊರಡಿಸಿತ್ತು. ಪಾಪ, ಅದು ನಡೆದುಕೊಂಡೇ ಭಂಕೂರು ಮುಟ್ಟುವಷ್ಟರಲ್ಲಿ ಮೂರು ವರ್ಷವಾಗಿತ್ತು.

“ಇದು ಹಲ್ಲುಪುಡಿ ಹೌದಿಲ್ಲೊ, ಆಯಿ? ಹೌದಂದ್ರ ಡಬ್ಬಿ ಜಪ್ತಿ, ಮ್ಯಾಲ ಕೇಸು.”

ಭೀಮಬಾಯಿ ಮಿಶ್ರಿ ಡಬ್ಬಿಯನ್ನು ಸೆರಗಿನಡಿ ಎಳೆದುಕೊಂಡಳು. ಗಂಡ ಹೋದ ಮೇಲೆ ಅವಳ ಹೊಟ್ಟೆ ಹೊರೆದದ್ದು ಈ ಡಬ್ಬಿಯೇ. ಆದರೂ ಮಾತಿಗೆ ಸೋಲುವವಳಲ್ಲ.

“ಹಲ್ಲುಪುಡಿ ಹ್ಯಾಂಗಾಗ್ತದ್ರಿ ಸಾಹೇಬ್ರ? ದಿನಾ ನಾನೂ ಹಚ್ಚತೀನಿ. ನನಗ ಹಲ್ಲೇ ಇಲ್ಲ.”

ಅಂಬರಾಯ ಪೆನ್ನು ತಡೆದ. ಆದೇಶ ಬರೆದ ಮಹಾನುಭಾವರಿಗೆ ಈ ಸಂಕಟ ಹೊಳೆದೇ ಇರಲಿಲ್ಲ. “ಬಾಯಿ ತೆರಿ, ನೋಡ್ತೀನಿ.”

ಆಕೆ ಬಾಗಿಲ ಬೆಳಕಿಗೆ ಬಂದು ಬಾಯಿ ತೆರೆದಳು. ಅಂಬರಾಯ ಬಗ್ಗಿ, ಮೇಲೊಮ್ಮೆ ಕೆಳಗೊಮ್ಮೆ ಬಹಳ ಶ್ರದ್ಧೆಯಿಂದ ಹುಡುಕಿದ. ಒಂದೂ ಸಿಗಲಿಲ್ಲ.

“ಎಡಗಡಿ ಗಲ್ಲದಾಗ ಬೆಳ್ಳಗ ಏನೋ ಆಗ್ಯಾದ, ಕಂಡಿತೇನ್ರಿ? ಮೂರು ತಿಂಗಳಾತು, ಖಾರ ತಾಗಿದ್ರ ಜೀವ ಹೋಗ್ತದ,” ಎಂದಳು ಆಸೆಯಿಂದ. ಸರ್ಕಾರ ಅಷ್ಟು ಹತ್ತಿರ ಬಂದು ಅವಳ ಬಾಯಿ ನೋಡಿದ್ದು ಅದೇ ಮೊದಲು.

“ಕಂಡದ. ಅದು ನಮ್ಮ ಇಲಾಖೆಗೆ ಬರಂಗಿಲ್ಲ.” ಅಂಬರಾಯ ಬರೆದುಕೊಂಡ: ಹಲ್ಲು ಇರುವುದಿಲ್ಲವಾದ್ದರಿಂದ ಸದರಿ ಪದಾರ್ಥ ಹಲ್ಲುಪುಡಿ ಅಲ್ಲ. ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಕಾಯ್ದೆಯ ಮರ್ಯಾದೆಯೂ ಉಳಿಯಿತು, ಡಬ್ಬಿಯೂ ಉಳಿಯಿತು.

ಹೊಸ್ತಿಲು ದಾಟಿದವನು ಮತ್ತೆ ತಿರುಗಿ ಬಂದು ದನಿ ತಗ್ಗಿಸಿದ. “ಆಯಿ, ನಮ್ಮವ್ವಗ ಒಂದು ಪುಡಿಕಿ ಕಟ್ಟಿಕೊಡ್ರಿ. ಅಕಿಗೂ ಹಲ್ಲಿಲ್ಲ.”

ಭೀಮಬಾಯಿ ಕಾಗದ ಹರಿದು ಮಿಶ್ರಿ ಸುರಿದಳು. ಕಟ್ಟುವ ಮೊದಲು ಕೇಳಿದಳು, “ನಿಮ್ಮವ್ವ ಖಾರ ಉಣ್ತಾಳೇನ್ರಿ?”

“ಎಲ್ಲಿ ಉಣ್ತಾಳ ತಗೋರಿ. ಪಲ್ಯಕ್ಕ ಖಾರ ಹಾಕಬ್ಯಾಡ ಅಂತ ಎರಡು ತಿಂಗಳಿಂದ ಸೊಸಿ ಜೋಡಿ ಜಗಳ…” ಎಂದು ನಗುತ್ತಿದ್ದವನು ನಡುವೆಯೇ ನಿಂತ. ಚಾಚಿದ ಕೈ ಪುಡಿಕೆ ಮುಟ್ಟಲಿಲ್ಲ.

ಭೀಮಬಾಯಿ ಬೆಳಕಿಗೆ ಬಂದು ಇನ್ನೊಮ್ಮೆ ಬಾಯಿ ತೆರೆದಳು.